ಹೊರದೇಶದ ಮುದ್ರೆಯ ಹೆಲ್ಮೆಟ್: ಹಾಕಬಹುದೇ, ಬಾರದೇ?

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೆಲ್ಮೆಟ್ ಬಗ್ಗೆಯೇ ಇವೆ. ಅದರಲ್ಲೂ ಬೇರೆ ದೇಶದಿಂದ ತರಿಸಿದ, ಆ ದೇಶದ ಮುದ್ರೆ ಮಾತ್ರ ಇರುವ ಹೆಲ್ಮೆಟ್ ಬಗ್ಗೆ. ಹಾಗಾಗಿ ಚೈನ್, ಎಂಜಿನ್ ಆಯಿಲ್ ಅಂತ ಬರೆದವರು ಮುಂದಿನ ಸಂಚಿಕೆವರೆಗೆ ಕಾಯಬೇಕು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಒಂದು ಮಾಡಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ತಮ್ಮ ಯುರೋಪಿನಲ್ಲಿದ್ದಾನೆ. ಅಲ್ಲಿಂದ ಒಳ್ಳೆಯ ಹೆಲ್ಮೆಟ್ ಕಳಿಸುತ್ತೇನೆ ಅಂತಾನೆ. ಅದರ ಮೇಲೆ ಇಸಿಇ (ಯುರೋಪಿನಲ್ಲಿ ನಡೆಯುವ ಹೆಲ್ಮೆಟ್ ಮಾನದಂಡ) ಗುರುತಿದೆ, ನಾನಿರುವ ದೇಶದ ಗುರುತಿಲ್ಲ. ಅಷ್ಟು ಕಠಿಣ ಪರೀಕ್ಷೆ ಪಾಸಾದ ಹೆಲ್ಮೆಟ್ ಹಾಕಿದರೂ ಪೊಲೀಸರು ಹಿಡಿಯುತ್ತಾರಾ?

ಉತ್ತರ: ಹಿಡಿಯಬಹುದು. ಹೆಲ್ಮೆಟ್ ಎಷ್ಟು ಒಳ್ಳೆಯದು ಅನ್ನುವುದನ್ನು ಕಾನೂನು ಮೊದಲು ನೋಡುವುದಿಲ್ಲ, ಯಾವ ಮಾನದಂಡದ ಹೆಸರು ನಿಯಮದಲ್ಲಿ ಬರೆದಿದೆ ಅಂತ ನೋಡುತ್ತದೆ.

ನೀವು ಕೇಳಿದ್ದು ಒಂದೇ ಪ್ರಶ್ನೆ. ಆದರೆ ಅದರೊಳಗೆ ಮೂರು ಕಾನೂನುಗಳಿವೆ. ಮಾರುವುದಕ್ಕೆ ಒಂದು, ಗಡಿ ದಾಟಿಸಿ ತರಿಸುವುದಕ್ಕೆ ಒಂದು, ತಲೆಗೆ ಹಾಕಿಕೊಂಡು ರಸ್ತೆಗೆ ಇಳಿಯುವುದಕ್ಕೆ ಒಂದು. ಬಹಳ ಜನ ಈ ಮೂರನ್ನೂ ಕಲಸಿಬಿಡುತ್ತಾರೆ. ಅಂಗಡಿಯಲ್ಲಿ ಮಾರುತ್ತಿದ್ದಾರೆ ಅಂದಮೇಲೆ ಹಾಕಬಹುದು ಅಂತ ಒಬ್ಬರು, ಕಸ್ಟಮ್ಸ್‌ನವರು ಬಿಟ್ಟರು ಅಂದಮೇಲೆ ಎಲ್ಲ ಸರಿ ಅಂತ ಇನ್ನೊಬ್ಬರು. ಕಸ್ಟಮ್ಸ್‌ನವರು ಸುಂಕ ತೆಗೆದುಕೊಂಡು ಪೆಟ್ಟಿಗೆ ಬಿಟ್ಟರೆ ಅದು ರಸ್ತೆಗೆ ಕೊಟ್ಟ ಪರವಾನಗಿ ಆಗುವುದಿಲ್ಲ.

ಜಪಾನ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಪಿಎಸ್‌ಸಿ ಅನ್ನುವ ಸುರಕ್ಷತಾ ಗುರುತಿಲ್ಲದ ಹೆಲ್ಮೆಟ್ ಅನ್ನು ಬೈಕ್ ಸವಾರರಿಗೆ ಅಂತ ಮಾರುವಂತಿಲ್ಲ. ಆದರೆ ಸವಾರ ಏನು ಹಾಕಬೇಕು ಅನ್ನುವ ಸಂಚಾರ ನಿಯಮದಲ್ಲಿ ಆ ಗುರುತಿನ ಹೆಸರೇ ಇಲ್ಲ. ತೂಕ 2 ಕೆ.ಜಿ. ಮೀರಬಾರದು, ಅಕ್ಕಪಕ್ಕ ಚೆನ್ನಾಗಿ ಕಾಣಬೇಕು, ಕಿವಿ ಕೇಳಿಸಬೇಕು, ಪೆಟ್ಟು ತಡೆಯಬೇಕು, ಪಟ್ಟಿ ಗಟ್ಟಿಯಾಗಿರಬೇಕು ಅಂತ ಗುಣಗಳನ್ನಷ್ಟೇ ಹೇಳಿದ್ದಾರೆ. ಮಾರುವವನಿಗೆ ಬಿಗಿ, ಹಾಕುವವನಿಗೆ ಸಡಿಲ.

ಭಾರತದಲ್ಲಿ ಎರಡೂ ಕಡೆ ಬಿಗಿ. ಮೋಟಾರು ವಾಹನ ಕಾಯ್ದೆಯ 129ನೇ ಕಲಮಿನ ಪ್ರಕಾರ ಹಾಕುವ ಹೆಲ್ಮೆಟ್ ಸರ್ಕಾರ ಹೇಳಿದ ಮಾನದಂಡಕ್ಕೆ ಹೊಂದಬೇಕು. ಅದರ ಮೇಲೆ 2020ರ ಗುಣಮಟ್ಟ ನಿಯಂತ್ರಣ ಆದೇಶ ಬಂತು, 2021ರ ಜೂನ್ 1ರಿಂದ ಜಾರಿಯಾಯಿತು. ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವಂತಿಲ್ಲ, ಮಾರುವಂತಿಲ್ಲ, ಆಮದು ಮಾಡುವಂತಿಲ್ಲ. ಹಾಗಾಗಿ ನಿಮ್ಮ ತಮ್ಮ ಎಷ್ಟೇ ಪ್ರೀತಿಯಿಂದ ಕಳಿಸಿದರೂ, ನೀವಿರುವ ದೇಶದ ನಿಯಮದಲ್ಲಿ ಇಸಿಇ ಅನ್ನುವ ಹೆಸರು ಇದೆಯಾ ಅಂತ ಮೊದಲು ನೋಡಿ. ಆಮೇಲೆ ಹ್ಞೂಂ ಅನ್ನಿ.

ಪ್ರಶ್ನೆ: ಯಾವ ದೇಶ ಯಾವ ಗುರುತನ್ನು ಒಪ್ಪುತ್ತದೆ? ಒಂದು ಪಟ್ಟಿ ಕೊಡಿ.

ಉತ್ತರ: ಎಲ್ಲ ದೇಶಗಳ ಪಟ್ಟಿ ಕೊಡುವುದಿಲ್ಲ. ಕೊಟ್ಟರೂ ಇನ್ನೊಂದು ವರ್ಷಕ್ಕೆ ಹಳತಾಗುತ್ತದೆ. ಆದರೆ ಎಷ್ಟು ಬೇರೆ ಬೇರೆ ತರಹ ಇರಬಹುದು ಅನ್ನುವುದಕ್ಕೆ ಕೆಲವನ್ನು ಹೇಳುತ್ತೇನೆ.

ಎಲ್ಲರಿಗಿಂತ ಉದಾರಿ ನ್ಯೂಜಿಲೆಂಡ್. ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಮಾನದಂಡ, ಯುರೋಪಿನ ಇಸಿಇ, ಅಮೆರಿಕದ ಸರ್ಕಾರಿ ಮಾನದಂಡ ಡಾಟ್, ಅಲ್ಲಿನ ಖಾಸಗಿ ಸಂಸ್ಥೆಯ ಸ್ನೆಲ್, ಜಪಾನಿನ ಜಿಸ್, ಹೀಗೆ ಹಲವನ್ನು ಒಪ್ಪಿದ ಪಟ್ಟಿ ಅದರದು. ಕೆನಡಾದಲ್ಲಿ ಪ್ರಾಂತ್ಯಕ್ಕೊಂದು ನಿಯಮ, ಒಂಟಾರಿಯೋದಲ್ಲಿ ಡಾಟ್, ಸ್ನೆಲ್, ಇಸಿಇ ಮೂರೂ ನಡೆಯುತ್ತವೆ.

ಬ್ರಿಟನ್ ಇಷ್ಟು ಧಾರಾಳಿಯಲ್ಲ. ಅಲ್ಲಿ ಹಳೆಯ ಬ್ರಿಟಿಷ್ ಮಾನದಂಡ ಬಿಎಸ್ 6658:1985 ನಡೆಯುತ್ತದೆ, ಇಸಿಇ ನಡೆಯುತ್ತದೆ, ಬ್ರಿಟಿಷ್ ಮಾನದಂಡಕ್ಕೆ ಸಮ ಅನ್ನಬಹುದಾದ ಯುರೋಪಿನ ಬೇರೆ ಮಾನದಂಡವೂ ನಡೆಯುತ್ತದೆ. ಡಾಟ್ ಮಾತ್ರ ಇರುವ ಅಮೆರಿಕದ ಹೆಲ್ಮೆಟ್ ಆ ಪಟ್ಟಿಯಲ್ಲಿಲ್ಲ. ಅತ್ತ ಅಮೆರಿಕದಲ್ಲಿ ಇದರ ತದ್ವಿರುದ್ಧ. ಕ್ಯಾಲಿಫೋರ್ನಿಯಾದ ಕಾನೂನು ಡಾಟ್ ಮಾನದಂಡವನ್ನೇ ಕೇಳುತ್ತದೆ, ಇಸಿಇ ಮಾತ್ರ ಇದ್ದರೆ ಸಾಲದು. ಇಲಿನಾಯ್, ಅಯೋವಾ, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಂತೂ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಅನ್ನುವ ಕಾನೂನೇ ಇಲ್ಲ. ಅಲ್ಲಿ ಬರಿತಲೆಯಲ್ಲಿ ಹೋದರೆ ಯಾರೂ ಕೇಳುವುದಿಲ್ಲ, ಇನ್ನೊಂದು ಕಡೆ ಅತ್ಯುತ್ತಮ ಹೆಲ್ಮೆಟ್ ಹಾಕಿದರೂ ದಂಡ! ಕಾನೂನು ಅಂದರೆ ಹೀಗೂ ಇರುತ್ತದೆ.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಆಸ್ಟ್ರೇಲಿಯಾದ ಕಥೆ. ಅಲ್ಲಿ ಮೊದಲು ಸ್ಥಳೀಯ ಮಾನದಂಡದ ಹೆಲ್ಮೆಟ್ ಮಾತ್ರ ನಡೆಯುತ್ತಿತ್ತು. ಇಸಿಇ ಹೆಲ್ಮೆಟ್ ಹಾಕಿದವರಿಗೆ ದಂಡ ಬೀಳುತ್ತಿತ್ತು. ಸವಾರರ ಸಂಘಗಳು ಹಟ ಬಿಡಲಿಲ್ಲ. 2015-16ರ ಹೊತ್ತಿಗೆ ರಾಜ್ಯಗಳು ಒಂದೊಂದಾಗಿ ಇಸಿಇಯ ಆಗಿನ ಆವೃತ್ತಿ 22.05 ಅನ್ನು ಒಪ್ಪಿದವು. ಆದರೆ ಮಾರಾಟದ ನಿಯಮ ಬೇರೆ ಇಲಾಖೆಯದು ನೋಡಿ, ಅದು ಅದೇ ವೇಗದಲ್ಲಿ ಬದಲಾಗಲಿಲ್ಲ. ಸ್ವಲ್ಪ ಕಾಲ ಇಸಿಇ ಹೆಲ್ಮೆಟ್ ಹಾಕಿಕೊಂಡು ಓಡಿಸಬಹುದು, ಅಲ್ಲಿನ ಅಂಗಡಿಯವರು ಮಾತ್ರ ಮಾರುವಂತಿಲ್ಲ ಅನ್ನುವ ಪರಿಸ್ಥಿತಿ ಇತ್ತು. ರಾಜ್ಯದ ಗಡಿ ದಾಟಿದರೆ ಅದೇ ಹೆಲ್ಮೆಟ್ ಮತ್ತೆ ಅಕ್ರಮ. ಹೆಲ್ಮೆಟ್ ಅದೇ, ತಲೆಯೂ ಅದೇ.

ಯುರೋಪಿನ ದೇಶಗಳಲ್ಲಿ ಈ ತಲೆನೋವು ಕಡಿಮೆ. ಕಾರಣ 1958ರ ವಿಶ್ವಸಂಸ್ಥೆಯ ಒಪ್ಪಂದ. ಹೆಲ್ಮೆಟ್‌ಗೆ ಸಂಬಂಧಪಟ್ಟ 22ನೇ ನಿಯಮ ಅದರ ಕೆಳಗೆ ಬರುತ್ತದೆ, ಇಸಿಇ ಗುರುತು ಆ ನಿಯಮದ್ದೇ. ಆ ನಿಯಮವನ್ನು ಒಪ್ಪಿಕೊಂಡ ಒಂದು ದೇಶ ಕೊಟ್ಟ ಅನುಮೋದನೆಯನ್ನು ಅದನ್ನು ಒಪ್ಪಿಕೊಂಡ ಉಳಿದ ದೇಶಗಳೂ ಮಾನ್ಯ ಮಾಡಬೇಕು. ಅಮೆರಿಕವಾಗಲಿ ಭಾರತವಾಗಲಿ ಈ 1958ರ ಒಪ್ಪಂದದಲ್ಲಿ ಇಲ್ಲ. ಅಲ್ಲಿಗೆ ಬಂದ ಕೂಡಲೇ ಇಸಿಇ ಗುರುತಿನ ಬೆಲೆ ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಕಾರಣ ಇದೇ.

ಪ್ರಶ್ನೆ: ಹೆಲ್ಮೆಟ್ ಪಟ್ಟಿಯಲ್ಲಿ ಒಂದು ಬಿಳಿ ಬಟ್ಟೆಯ ಚೀಟಿ ಹೊಲಿದಿದೆ. ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ 3, ಕೆಳಗೆ ಉದ್ದದ ನಂಬರ್. ಇಟಲಿಯಲ್ಲಿ ತಯಾರಾಗಿದ್ದು ಅಂತ ಅಂಗಡಿಯವರು ಹೇಳಿದರು. ನಿಜವೇ?

ಉತ್ತರ: ಅರ್ಧ ನಿಜ. ಅದು ಇಸಿಇ ಗುರುತಿನ ಚೀಟಿ. 3 ಅಂದರೆ ಇಟಲಿ ಹೌದು, ಆದರೆ ತಯಾರಿಸಿದ ದೇಶ ಅಂತಲ್ಲ, ಅನುಮೋದನೆ ಕೊಟ್ಟ ದೇಶ ಅಂತ. ಬೇರೆ ಖಂಡದಲ್ಲಿ ತಯಾರಾಗಿ ಇಟಲಿಯಲ್ಲಿ ಅನುಮೋದನೆ ಪಡೆದ ಹೆಲ್ಮೆಟ್‌ಗಳು ಎಷ್ಟೋ ಇವೆ. 1 ಅಂದರೆ ಜರ್ಮನಿ, 2 ಫ್ರಾನ್ಸ್, 4 ನೆದರ್‌ಲ್ಯಾಂಡ್ಸ್, 9 ಸ್ಪೇನ್, 11 ಬ್ರಿಟನ್. ಯಾವ ದೇಶದ ನಂಬರ್ ಇದ್ದರೂ ಪರೀಕ್ಷೆ ಒಂದೇ, ಹಾಗಾಗಿ ಜರ್ಮನಿಯದು ಮೇಲು, ಇನ್ನೊಂದರದು ಕೀಳು ಅನ್ನುವ ಮಾತಿಗೆ ಅರ್ಥವಿಲ್ಲ.

ಕೆಳಗಿನ ಉದ್ದ ನಂಬರಿನ ಮೊದಲ ಎರಡು ಅಂಕಿ ನೋಡಿ. 05 ಇದ್ದರೆ 22.05ರ ಪ್ರಕಾರ ಪರೀಕ್ಷೆ ಆಗಿದೆ, 06 ಇದ್ದರೆ ಹೊಸ 22.06. ಆಮೇಲೆ ಒಂದು ಗೀಟು, ಅದರ ನಂತರ ಇಂಗ್ಲಿಷ್ ಅಕ್ಷರ. ‘ಪಿ’ ಇದ್ದರೆ ಗಲ್ಲದ ಭಾಗಕ್ಕೂ ರಕ್ಷಣೆ ಇರುವ ಹೆಲ್ಮೆಟ್. ‘ಜೆ’ ಇದ್ದರೆ ಮುಖ ತೆರೆದಿರುವ ಹೆಲ್ಮೆಟ್. ‘ಎನ್‌ಪಿ’ ಇದ್ದರೆ ಹುಷಾರು: ಗಲ್ಲದ ಮುಂದೆ ಏನೋ ಒಂದು ಇದೆ, ಆದರೆ ಅದು ರಕ್ಷಣೆಗೆ ಅಂತ ಲೆಕ್ಕಕ್ಕಿಲ್ಲ. ಮೇಲಕ್ಕೆತ್ತುವ ಮಾಡ್ಯುಲರ್ ಹೆಲ್ಮೆಟ್‌ನಲ್ಲಿ ‘ಪಿ’ ಮತ್ತು ‘ಜೆ’ ಎರಡೂ ಇದ್ದರೆ ಮುಚ್ಚಿಕೊಂಡೂ ಎತ್ತಿಕೊಂಡೂ ಓಡಿಸಬಹುದು. ‘ಪಿ’ ಮಾತ್ರ ಇದ್ದರೆ ಗಲ್ಲದ ಭಾಗ ಎತ್ತಿಕೊಂಡು ಹೋಗುವಾಗ ನೀವು ಅನುಮೋದನೆ ಇರುವ ಹೆಲ್ಮೆಟ್ ಹಾಕಿದ್ದೀರಿ ಅಂತ ಹೇಳಿಕೊಳ್ಳುವುದು ಕಷ್ಟ.

ಡಾಟ್ ಗುರುತು ಬೇರೆ ತರಹ, ಹೆಲ್ಮೆಟ್ ಹಿಂಭಾಗದಲ್ಲಿರುತ್ತದೆ. 2013ರ ಮೇ ನಂತರ ತಯಾರಾದವುಗಳಲ್ಲಿ ಬರೀ ‘ಡಾಟ್’ ಅಂತಿದ್ದರೆ ಸಾಲದು. ತಯಾರಕರ ಹೆಸರು, ಮಾಡೆಲ್, 218ನೇ ಮಾನದಂಡದ ಹೆಸರು, ‘ಸರ್ಟಿಫೈಡ್’ ಅನ್ನುವ ಪದ, ಎಲ್ಲ ಇರಬೇಕು. ಬರೀ ಮೂರಕ್ಷರದ ಸ್ಟಿಕ್ಕರ್ ಇರುವ ‘ಹೊಸ’ ಹೆಲ್ಮೆಟ್ ಯಾರಾದರೂ ತೋರಿಸಿದರೆ ನಮಸ್ಕಾರ ಹೇಳಿ ಬನ್ನಿ.

ಪ್ರಶ್ನೆ: ಡಾಟ್‌ನಲ್ಲಿ 400 ಜಿ ತನಕ ಬಿಡುತ್ತಾರೆ, ಇಸಿಇಯಲ್ಲಿ 275 ಜಿ ಮಾತ್ರ. ಅಂದರೆ ಡಾಟ್ ಹೆಲ್ಮೆಟ್ ಕಳಪೆ ಅಂತ ತಾನೇ? ಕಳಪೆ ಮಾಲು ಬೇಡ ಅನ್ನುವ ದೇಶಗಳು ಮಾಡುತ್ತಿರುವುದು ಸರಿಯಾಗಿಯೇ ಇದೆ ಅಲ್ವಾ?

ಉತ್ತರ: ಬೇಗ ತೀರ್ಪು ಕೊಟ್ಟುಬಿಟ್ಟಿರಿ. ಸ್ವಲ್ಪ ಕೂತು ನೋಡೋಣ, ಯಾಕೆಂದರೆ ಬಂದ ಪತ್ರಗಳಲ್ಲಿ ಅತಿ ಹೆಚ್ಚು ಜಗಳ ಇದೇ ವಿಷಯಕ್ಕೆ.

ಇಲ್ಲಿ ‘ಜಿ’ ಅಂದರೆ ಹೆಲ್ಮೆಟ್ ಬಿದ್ದ ಹೊಡೆತಕ್ಕೆ ಒಳಗಿರುವ ಕೃತಕ ತಲೆ ಎಷ್ಟು ಜೋರಾಗಿ ತಡೆಯಲ್ಪಟ್ಟಿತು ಅನ್ನುವ ಅಳತೆ. ಕಡಿಮೆ ಇದ್ದಷ್ಟೂ ತಲೆಗೆ ಒಳ್ಳೆಯದು. ಅಷ್ಟರ ಮಟ್ಟಿಗೆ ನೀವು ಹೇಳಿದ್ದು ಸರಿ. ಆದರೆ ಎರಡೂ ಕಡೆ ಹೊಡೆಯುವ ರೀತಿಯೇ ಬೇರೆ. ಡಾಟ್‌ನಲ್ಲಿ ಚಪ್ಪಟೆ ಕಬ್ಬಿಣದ ಮೇಲೆ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ, ಅರ್ಧಗೋಳದ ಮೇಲೆ 5.2 ಮೀಟರ್ ವೇಗದಲ್ಲಿ ಹೆಲ್ಮೆಟ್ ಬೀಳಿಸುತ್ತಾರೆ. ಒಂದೇ ಜಾಗಕ್ಕೆ ಎರಡೆರಡು ಸಲ. ಮೊದಲ ಹೊಡೆತಕ್ಕೆ ಒಳಗಿನ ಥರ್ಮಾಕೋಲ್ ನುಜ್ಜಾಗಿರುತ್ತದೆ, ಎರಡನೆಯದನ್ನೂ ಅದೇ ಜಾಗ ತಡೆಯಬೇಕು. ಜೊತೆಗೆ 200 ಜಿ ಮೀರಿದ ಸ್ಥಿತಿ 2 ಮಿಲಿಸೆಕೆಂಡಿಗಿಂತ ಜಾಸ್ತಿ, 150 ಜಿ ಮೀರಿದ ಸ್ಥಿತಿ 4 ಮಿಲಿಸೆಕೆಂಡಿಗಿಂತ ಜಾಸ್ತಿ ಇರಬಾರದು. ಹಾಗಾಗಿ 400 ಅನ್ನುವ ಅಂಕಿ ಕಾಗದದ ಮೇಲೆ ಕಾಣುವಷ್ಟು ಧಾರಾಳವಲ್ಲ. ಅಲ್ಲದೆ 3 ಮೀಟರ್ ಎತ್ತರದಿಂದ ಚೂಪು ಉಕ್ಕು ಬೀಳಿಸಿ ತೂತಾಗುತ್ತದಾ ಅಂತಲೂ ನೋಡುತ್ತಾರೆ. ಆ ಚೂಪು ಪರೀಕ್ಷೆ ಇಸಿಇಯಲ್ಲಿಲ್ಲ.

ಇಸಿಇ 22.05ರಲ್ಲಿ ವೇಗ 7.5 ಮೀಟರ್, ಡಾಟ್‌ಗಿಂತ ಜಾಸ್ತಿ. ಚಪ್ಪಟೆ ಕಬ್ಬಿಣದ ಜೊತೆ ಫುಟ್‌ಪಾತ್ ಅಂಚಿನ ಆಕಾರದ ಕಬ್ಬಿಣವನ್ನೂ ಬಳಸುತ್ತಾರೆ. ಆದರೆ ಹೊಡೆಯುವ ಜಾಗಗಳು ಮೊದಲೇ ಗೊತ್ತಿದ್ದವು. ಆ ಜಾಗಗಳಲ್ಲಿ ಮಾತ್ರ ಗಟ್ಟಿ ಮಾಡಿ ಪಾಸಾಗಬಹುದು ಅನ್ನುವ ಟೀಕೆ ಬಂತು. ಅದಕ್ಕೆ 2021ರಲ್ಲಿ ಜಾರಿಗೆ ಬಂದ 22.06ರಲ್ಲಿ ಜಾಗಗಳನ್ನು ಹೆಚ್ಚಿಸಿದರು. ವೇಗ 6 ಮತ್ತು 8.2 ಮೀಟರ್ ಕೂಡ ಸೇರಿಸಿದರು. ನಿಧಾನದ ಹೊಡೆತಕ್ಕೆ ಮಿತಿ 180 ಜಿ. ಇದು ಮುಖ್ಯ, ಯಾಕೆಂದರೆ ಜೋರು ಹೊಡೆತಕ್ಕೆ ಅಂತಲೇ ವಿಪರೀತ ಗಟ್ಟಿ ಮಾಡಿದ ಹೆಲ್ಮೆಟ್ ಸಣ್ಣ ಹೊಡೆತಕ್ಕೆ ಮೆತ್ತಗಾಗುವುದೇ ಇಲ್ಲ, ಪೆಟ್ಟನ್ನೆಲ್ಲ ತಲೆಗೆ ದಾಟಿಸುತ್ತದೆ. ಇನ್ನೊಂದು ಹೊಸ ಪರೀಕ್ಷೆ 45 ಡಿಗ್ರಿ ಓರೆಯಾದ ಮೇಲ್ಮೈಗೆ 8 ಮೀಟರ್ ವೇಗದಲ್ಲಿ ಬೀಳಿಸಿ ತಲೆ ಎಷ್ಟು ತಿರುಚಿಕೊಳ್ಳುತ್ತದೆ ಅಂತ ಅಳೆಯುವುದು. ರಸ್ತೆಯಲ್ಲಿ ನಾವು ನೇರವಾಗಿ ಬೀಳುವುದು ಅಪರೂಪ, ಓರೆಯಾಗಿ ಬಿದ್ದು ಉಜ್ಜಿಕೊಂಡು ಹೋಗುವುದೇ ಜಾಸ್ತಿ. ನನ್ನ ಪ್ರಕಾರ 22.06 ಮುಂದೆ ನಿಲ್ಲುವುದು ಇದೇ ಕಾರಣಕ್ಕೆ.

ನಿಜವಾದ ವ್ಯತ್ಯಾಸ ಇರುವುದು ಪರೀಕ್ಷೆ ಮಾಡುವವರು ಯಾರು ಅನ್ನುವುದರಲ್ಲಿ. ಇಸಿಇಯಲ್ಲಿ ಮಾರುಕಟ್ಟೆಗೆ ಬರುವ ಮೊದಲೇ ಹೆಲ್ಮೆಟ್‌ಗಳನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕೊಟ್ಟು ಅನುಮೋದನೆ ತರಬೇಕು. ಡಾಟ್‌ನಲ್ಲಿ ತಯಾರಕನೇ ‘ನನ್ನದು ಪಾಸ್’ ಅಂತ ಘೋಷಿಸಿ ಸ್ಟಿಕ್ಕರ್ ಹಾಕುತ್ತಾನೆ. ಅಮೆರಿಕದ ರಸ್ತೆ ಸುರಕ್ಷತಾ ಇಲಾಖೆ ಆಮೇಲೆ ಅಂಗಡಿಗಳಿಂದ ಕೆಲವನ್ನು ಕೊಂಡು ಪರೀಕ್ಷೆ ಮಾಡಿಸುತ್ತದೆ, ಫೇಲಾದರೆ ವಾಪಸ್ ತರಿಸುತ್ತದೆ. ಹೆಸರುಳ್ಳ ಕಂಪನಿಯ ಡಾಟ್ ಹೆಲ್ಮೆಟ್ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ. ಆದರೆ ಹೆಸರೇ ಕೇಳಿರದ ಕಂಪನಿಯ ಹೆಲ್ಮೆಟ್ ಮೇಲೆ ಡಾಟ್ ಸ್ಟಿಕ್ಕರ್ ಇದ್ದರೆ ಅದು ಆ ಕಂಪನಿ ತಾನೇ ಕೊಟ್ಟುಕೊಂಡ ಮಾತು ಅಷ್ಟೇ. ಇನ್ನೊಂದು ವಿಷಯ, ಡಾಟ್‌ನಲ್ಲಿ ಗಲ್ಲದ ಭಾಗಕ್ಕೆ ಪೆಟ್ಟಿನ ಪರೀಕ್ಷೆಯೇ ಇಲ್ಲ. ಇಸಿಇಯ ‘ಪಿ’ ಹೆಲ್ಮೆಟ್‌ನಲ್ಲಿ ಇದೆ, ಸ್ನೆಲ್‌ನಲ್ಲೂ ಇದೆ.

ಇಷ್ಟೆಲ್ಲ ಆದಮೇಲೂ ಒಂದು ಮಾತು. ದೇಶಗಳು ಬೇರೆ ಮಾನದಂಡವನ್ನು ಒಪ್ಪದಿರುವುದು ಅದು ಕಳಪೆ ಅಂತ ಅಳೆದು ನೋಡಿದ ಮೇಲಲ್ಲ. ಹೆಚ್ಚಿನ ಕಡೆ ತಮ್ಮ ನಿಯಮದಲ್ಲಿ ತಮ್ಮ ಮಾನದಂಡದ ಹೆಸರಷ್ಟೇ ಬರೆದಿದ್ದಾರೆ, ಬೇರೆಯದನ್ನು ಸೇರಿಸುವ ಕೆಲಸ ಯಾರೂ ಕೈಗೆತ್ತಿಕೊಂಡಿಲ್ಲ.

ಪ್ರಶ್ನೆ: ಒಂದೇ ಕಂಪನಿ, ಒಂದೇ ವಿನ್ಯಾಸ, ಒಂದೇ ಬಣ್ಣ. ಅಮೆರಿಕದಲ್ಲಿ ಒಂದು ಹೆಸರು, ಯುರೋಪಿನಲ್ಲಿ ಒಂದು ಹೆಸರು. ಒಳಗೆ ಎಲ್ಲ ಒಂದೇ ತಾನೇ? ಅಗ್ಗಕ್ಕೆ ಸಿಗುವ ಕಡೆಯಿಂದ ತರಿಸಿದರೆ ಏನು ತಪ್ಪು?

ಉತ್ತರ: ಒಂದೇ ಅಂತ ಅಂದುಕೊಳ್ಳಬೇಡಿ. ಶೋಯಿ ಕಂಪನಿಯ ಒಂದು ಹೆಲ್ಮೆಟ್ ಜಪಾನಿನಲ್ಲಿ ‘ಝಡ್-8’, ಯುರೋಪಿನಲ್ಲಿ ‘ಎನ್‌ಎಕ್ಸ್‌ಆರ್2’, ಉತ್ತರ ಅಮೆರಿಕದಲ್ಲಿ ‘ಆರ್‌ಎಫ್-1400’. ನೋಡಲು ಅಣ್ಣತಮ್ಮಂದಿರು. ಆದರೆ ಆಯಾ ಪ್ರದೇಶದ ಪರೀಕ್ಷೆ ಪಾಸಾಗುವಂತೆ ಮಾಡಿದ್ದು. ಮಾನದಂಡ ಬೇರೆಯಾದರೆ ಹೊರಚಿಪ್ಪಿನ ಪದರ, ಒಳಗಿನ ಥರ್ಮಾಕೋಲಿನ ಗಡಸುತನ ಬದಲಾಗಬಹುದು. ಎರಡೆರಡು ಸಲ ಹೊಡೆಸಿಕೊಳ್ಳುವ ಹೆಲ್ಮೆಟ್‌ಗೂ ನಿಧಾನದ ಹೊಡೆತಕ್ಕೆ ಮೆತ್ತಗಿರಬೇಕಾದ ಹೆಲ್ಮೆಟ್‌ಗೂ ಒಳಗಿನ ಲೆಕ್ಕ ಬೇರೆ.

ಕಾನೂನಿನ ಕಣ್ಣಿಗಂತೂ ಅವು ಬೇರೆ ಬೇರೆ ಹೆಲ್ಮೆಟ್‌ಗಳೇ. ‘ಇದರ ಅಣ್ಣನಿಗೆ ಇಲ್ಲಿ ಅನುಮೋದನೆ ಇದೆ’ ಅನ್ನುವ ವಾದ ರಸ್ತೆಯಲ್ಲಿ ನಿಲ್ಲುವುದಿಲ್ಲ. ವಾರಂಟಿಯೂ ಸಾಮಾನ್ಯವಾಗಿ ಕೊಂಡ ಪ್ರದೇಶದಲ್ಲಿ ಮಾತ್ರ. ವೈಸರ್, ಒಳಪದರ ಬದಲಿಸಲು ಹೋದಾಗ ನಿಮ್ಮ ಕಡೆಯ ಡೀಲರ್ ‘ಈ ಮಾಡೆಲ್ ನಮ್ಮಲ್ಲಿಲ್ಲ’ ಅಂತ ಕೈಚೆಲ್ಲಬಹುದು.

ಹಾಗಂತ ದಾರಿ ಇಲ್ಲ ಅಂತಲ್ಲ. ಎರಡು ಗುರುತು ಒಟ್ಟಿಗೆ ಇರುವ ಹೆಲ್ಮೆಟ್‌ಗಳು ಈಗ ಬೇಕಾದಷ್ಟಿವೆ. ಡಾಟ್ ಮತ್ತು ಇಸಿಇ ಎರಡೂ ಇರುವುದು, ಐಎಸ್‌ಐ ಮತ್ತು ಇಸಿಇ ಎರಡೂ ಇರುವುದು. ಕಾನೂನಿಗೆ ಒಂದು, ನಿಮ್ಮ ಮನಸ್ಸಿನ ಸಮಾಧಾನಕ್ಕೆ ಇನ್ನೊಂದು. ನೀವು ಓಡಿಸುವ ದೇಶದ ಗುರುತು ಅದರಲ್ಲಿ ಸೇರಿದ್ದರೆ ಕಣ್ಣುಮುಚ್ಚಿ ಅದನ್ನೇ ತೆಗೆದುಕೊಳ್ಳಿ.

ಪ್ರಶ್ನೆ: ಗುರುತಿನ ಸ್ಟಿಕ್ಕರ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಒಳ್ಳೆಯ ಹೆಲ್ಮೆಟ್ ಹೇಗೂ ಇದೆ, ಸುಮ್ನೆ ಒಂದು ಸ್ಟಿಕ್ಕರ್ ಅಂಟಿಸಿಕೊಂಡರೆ?

ಉತ್ತರ: ಬೇಡ. ಈಗ ನಿಮ್ಮ ಮೇಲಿರುವುದು ಹೆಚ್ಚೆಂದರೆ ಹೆಲ್ಮೆಟ್ ನಿಯಮದ ತಪ್ಪು. ಸ್ಟಿಕ್ಕರ್ ಅಂಟಿಸಿದ ಮೇಲೆ ಸುಳ್ಳು ಗುರುತು ಬಳಸಿದ ತಪ್ಪೂ ಸೇರುತ್ತದೆ, ಅದು ಜಾಸ್ತಿ ದೊಡ್ಡದು. ನಾಳೆ ಆ ಹೆಲ್ಮೆಟ್ ನಿಮ್ಮಿಂದ ಕೊಂಡವನಿಗೂ ಮೋಸ. ಇದೇ ರೀತಿ, ಇರುವ ಅಸಲಿ ಚೀಟಿಯನ್ನು ‘ಗಲ್ಲಕ್ಕೆ ಚುಚ್ಚುತ್ತದೆ’ ಅಂತ ಕತ್ತರಿಸಿ ಬಿಸಾಡುವವರೂ ಇದ್ದಾರೆ. ಅದನ್ನು ಕಿತ್ತರೆ ಅನುಮೋದನೆ ತೋರಿಸಲು ನಿಮ್ಮ ಹತ್ತಿರ ಬೇರೇನೂ ಉಳಿಯುವುದಿಲ್ಲ. ಮಡಚಿ ಒಳಗೆ ಸೇರಿಸಿಕೊಳ್ಳಿ, ಸಾಕು.

ಪ್ರಶ್ನೆ: ನನ್ನ ಹೆಲ್ಮೆಟ್‌ಗೆ ಸ್ನೆಲ್ ಇದೆ, ರೇಸ್‌ಗೆ ಬೇಕಾದ ಎಫ್‌ಐಎಂ ಗುರುತೂ ಇದೆ. ಗೆಳೆಯನ ಹೆಲ್ಮೆಟ್‌ಗೆ ಬ್ರಿಟನ್ನಿನ ಶಾರ್ಪ್ ಐದು ಸ್ಟಾರ್ ಇದೆ. ಇವು ಇದ್ದರೆ ಎಲ್ಲ ಕಡೆ ನಡೆಯಬೇಕಲ್ಲ?

ಉತ್ತರ: ಇವು ಮೂರೂ ಕಾನೂನಿನ ಗುರುತಿಗೆ ಬದಲಿ ಅಲ್ಲ, ಅದರ ಮೇಲಿನ ಹೆಚ್ಚುವರಿ.

ಸ್ನೆಲ್ ಅಮೆರಿಕದ ಖಾಸಗಿ ಸಂಸ್ಥೆ. 1956ರಲ್ಲಿ ಪೀಟ್ ಸ್ನೆಲ್ ಅನ್ನುವ ಕಾರ್ ರೇಸರ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ಸತ್ತ. ಮರುವರ್ಷ ಅವನ ನೆನಪಿನಲ್ಲಿ ಸ್ಥಾಪನೆಯಾಯಿತು. ಅದರ ಪರೀಕ್ಷೆಗೆ ಹೋಗುವುದು ಕಂಪನಿಯ ಇಷ್ಟ. ನ್ಯೂಜಿಲೆಂಡಿನಂಥ ಕೆಲವು ಕಡೆ ಕಾನೂನೇ ಸ್ನೆಲ್ ಅನ್ನು ಒಪ್ಪುತ್ತದೆ, ಎಲ್ಲ ಕಡೆ ಅಲ್ಲ. ಒಂದು ಸ್ವಾರಸ್ಯ ಏನೆಂದರೆ ಎಂ2020 ಮಾನದಂಡದಿಂದ ಸ್ನೆಲ್ ತನ್ನದನ್ನೇ ಎರಡು ಮಾಡಿತು. ‘ಡಿ’ ಅನ್ನುವುದು ಡಾಟ್ ನಡೆಯುವ ಕಡೆಗೆ, ‘ಆರ್’ ಅನ್ನುವುದು ಇಸಿಇ ನಡೆಯುವ ಕಡೆಗೆ. ಎರಡೂ ಪ್ರದೇಶದ ಬೇಡಿಕೆಯನ್ನು ಒಂದೇ ಪರೀಕ್ಷೆಯಲ್ಲಿ ಹಿಡಿಸುವುದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತದೆ.

ಶಾರ್ಪ್ ಬ್ರಿಟಿಷ್ ಸರ್ಕಾರದ ಯೋಜನೆ, 2007ರಲ್ಲಿ ಶುರುವಾಯಿತು. ಅಲ್ಲಿ ಕಾನೂನುಬದ್ಧವಾಗಿ ಮಾರುವ ಹೆಲ್ಮೆಟ್‌ಗಳನ್ನೇ ಕೊಂಡು 6, 7.5, 8.5 ಮೀಟರ್ ವೇಗಗಳಲ್ಲಿ ಹೊಡೆದು ಸ್ಟಾರ್ ಕೊಡುತ್ತಾರೆ. ಕೊಳ್ಳುವ ಮೊದಲು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಎಫ್‌ಐಎಂ ಗುರುತು 2019ರಿಂದ ಮೋಟೋಜಿಪಿಯಂಥ ರೇಸ್‌ಗಳಿಗೆ ಕಡ್ಡಾಯ, ಟ್ರ್ಯಾಕ್ ಹೊರಗೆ ಪೊಲೀಸರಿಗೆ ಅದರ ಸಂಬಂಧವಿಲ್ಲ.

ಪ್ರಶ್ನೆ: ಬೈಕಿನಲ್ಲಿ ಹಲವು ದೇಶ ಸುತ್ತುವ ಆಸೆ ಇದೆ. ಒಂದೇ ಹೆಲ್ಮೆಟ್‌ನಲ್ಲಿ ಮುಗಿಸಬಹುದಾ? ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಇದ್ದರೆ ನಮ್ಮ ದೇಶದ ಹೆಲ್ಮೆಟ್ ಅಲ್ಲೂ ನಡೆಯುತ್ತದಲ್ಲ?

ಉತ್ತರ: ಪರವಾನಗಿ ಹೇಳುವುದು ನಿಮಗೆ ಗಾಡಿ ಓಡಿಸಲು ಬರುತ್ತದೆ ಅಂತ ಮಾತ್ರ. ಅದು ತಲೆಯ ಮೇಲಿರುವುದಕ್ಕೆ ಅನ್ವಯಿಸುವುದಿಲ್ಲ. ಪ್ರವಾಸಿ ಅಂತ ರಿಯಾಯಿತಿ ಇರುತ್ತದೆ ಅಂದುಕೊಳ್ಳಬೇಡಿ, ಯಾವ ದೇಶದ ರಸ್ತೆಯಲ್ಲಿದ್ದೀರೋ ಆ ದೇಶದ ನಿಯಮ.

ಒಂದೇ ಹೆಲ್ಮೆಟ್ ಅಂದರೆ ಇಸಿಇ 22.06, ಜೊತೆಗೆ ದಾರಿಯಲ್ಲಿ ಅಮೆರಿಕ ಇದ್ದರೆ ಡಾಟ್ ಕೂಡ ಇರುವುದು. ಸಣ್ಣ ಸಣ್ಣ ನಿಯಮಗಳ ಮೇಲೂ ಕಣ್ಣಿಡಿ. ಫ್ರಾನ್ಸ್‌ನಲ್ಲಿ ಹೆಲ್ಮೆಟ್‌ಗೆ ಬೆಳಕು ಪ್ರತಿಫಲಿಸುವ ಸ್ಟಿಕ್ಕರ್ ಇರಬೇಕು ಅನ್ನುವ ನಿಯಮವಿದೆ. ಅಲ್ಲಿ ಮಾರುವ ಹೆಲ್ಮೆಟ್ ಜೊತೆ ಅವು ಬರುತ್ತವೆ, ಬೇರೆ ಕಡೆ ಕೊಂಡಿದ್ದರೆ ನೀವೇ ಅಂಟಿಸಬೇಕು. ಕಪ್ಪು ವೈಸರ್ ಇನ್ನೊಂದು ಬಲೆ. ಬ್ರಿಟನ್ನಿನಲ್ಲಿ ಶೇ 50ಕ್ಕಿಂತ ಕಡಿಮೆ ಬೆಳಕು ಬಿಡುವ ವೈಸರ್ ರಸ್ತೆಯಲ್ಲಿ ಬಳಸುವಂತಿಲ್ಲ. ‘ಹಗಲಿಗೆ ಮಾತ್ರ’ ಅಂತ ಬರೆದಿರುವ ವೈಸರ್ ಇದ್ದರೆ ಬ್ಯಾಗಿನಲ್ಲಿ ಬಿಳಿ ವೈಸರ್ ಒಂದು ಇಟ್ಟುಕೊಳ್ಳಿ, ಕತ್ತಲಾದ ಮೇಲೆ ಕಪ್ಪಿನಲ್ಲಿ ಓಡಿಸುವುದು ಕಾನೂನಿನ ಮಾತು ಬಿಟ್ಟರೂ ಹುಚ್ಚುತನ.

ಪ್ರಶ್ನೆ: ಅಪಘಾತವಾದಾಗ ಹೊರದೇಶದ ಗುರುತಿನ ಹೆಲ್ಮೆಟ್ ಹಾಕಿದ್ದರೆ ಪರಿಹಾರ ಕೊಡುವುದಿಲ್ಲವಂತೆ. ನಿಜವೇ?

ಉತ್ತರ: ‘ಕೊಡುವುದೇ ಇಲ್ಲ’ ಅನ್ನುವುದು ಹೆದರಿಸುವ ಮಾತು. ಆದರೆ ಕಡಿತ ಆಗಬಹುದು ಅನ್ನುವುದರಲ್ಲಿ ಸತ್ಯ ಇದೆ. ಗಾಯ ಹೆಚ್ಚಾಗಲು ಗಾಯಗೊಂಡವರ ಅಜಾಗರೂಕತೆಯೂ ಕಾರಣ ಅಂತ ಕಂಡರೆ ಹಲವು ದೇಶಗಳ ನ್ಯಾಯಾಲಯಗಳು ಆ ಪಾಲನ್ನು ಪರಿಹಾರದಿಂದ ಕಳೆಯುತ್ತವೆ. ಬ್ರಿಟನ್ನಿನಲ್ಲಿ 1972ರ ಒಂದು ಪ್ರಕರಣದಲ್ಲಿ ಹೆಲ್ಮೆಟ್ ಹಾಕದ ಮೊಪೆಡ್ ಸವಾರನಿಗೆ ಶೇ 15 ಕಡಿತವಾಯಿತು. 1989ರ ಇನ್ನೊಂದರಲ್ಲಿ ಹೆಲ್ಮೆಟ್ ಇತ್ತು, ಪಟ್ಟಿ ಕಟ್ಟಿರಲಿಲ್ಲ, ಬಿದ್ದಾಗ ಹಾರಿಹೋಯಿತು. ಅದಕ್ಕೆ ಶೇ 10.

ಇವೆರಡರಲ್ಲೂ ನ್ಯಾಯಾಲಯ ನೋಡಿದ್ದು ಆ ಲೋಪದಿಂದ ತಲೆಯ ಗಾಯ ಹೆಚ್ಚಾಯಿತಾ ಅನ್ನುವುದನ್ನು. ಈ ತರ್ಕದ ಪ್ರಕಾರ ನಿಮ್ಮ ಕಾಲು ಮುರಿದಿದ್ದರೆ ಹೆಲ್ಮೆಟ್‌ನ ಗುರುತಿಗೂ ಅದಕ್ಕೂ ಸಂಬಂಧವಿಲ್ಲ. ಹೊರದೇಶದ ಒಳ್ಳೆಯ ಹೆಲ್ಮೆಟ್ ತಲೆಯನ್ನು ಕಾಪಾಡಿತು ಅಂತ ತೋರಿಸಲು ಸಾಧ್ಯವಾದರೆ ಅದೂ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಆದರೆ ಅದನ್ನು ತೋರಿಸುವ ಹೊಣೆ, ಅದಕ್ಕೆ ತಗಲುವ ವಕೀಲರ ಖರ್ಚು, ವರ್ಷಗಟ್ಟಲೆ ಅಲೆದಾಟ ಎಲ್ಲ ನಿಮ್ಮದು. ಇನ್ಶೂರೆನ್ಸ್ ಕಾಗದದಲ್ಲಿ ‘ಕಾನೂನಿಗೆ ಹೊಂದುವ ಹೆಲ್ಮೆಟ್’ ಅನ್ನುವ ಷರತ್ತು ಇದೆಯಾ ಅಂತ ಈಗಲೇ ಓದಿಕೊಳ್ಳಿ. ಅಂದಹಾಗೆ, ಭಾರತದಲ್ಲಿ ನಿಯಮದಂತೆ ಹೆಲ್ಮೆಟ್ ಇಲ್ಲದಿದ್ದರೆ 194ಡಿ ಕಲಮಿನಲ್ಲಿ ದಂಡದ ಜೊತೆ ಮೂರು ತಿಂಗಳು ಲೈಸೆನ್ಸ್ ಅನರ್ಹವಾಗುವ ಅವಕಾಶವೂ ಇದೆ. ಪಟ್ಟಿ ಕಟ್ಟದೆ ಹಾಕಿದ್ದೂ ಹಾಕದ ಲೆಕ್ಕವೇ.

ಪ್ರಶ್ನೆ: ನಾನಿರುವ ದೇಶದಲ್ಲಿ ಇಸಿಇ ನಡೆಯುತ್ತದೆ. ಹೊರಗಿನಿಂದ ಆನ್‌ಲೈನ್‌ನಲ್ಲಿ ತರಿಸುವಾಗ ಏನು ನೋಡಬೇಕು? ಸೈಜ್ ಚಾರ್ಟ್ ನೋಡಿ ಆರ್ಡರ್ ಮಾಡಿದರೆ ಸಾಕಲ್ವಾ?

ಉತ್ತರ: ಸಾಲದು. ಟೇಪ್ ಹಿಡಿದು ಅಳೆದರೆ ತಲೆಯ ಸುತ್ತಳತೆ ಮಾತ್ರ ಸಿಗುತ್ತದೆ, ಆಕಾರ ಸಿಗುವುದಿಲ್ಲ. ಒಂದೇ ಸುತ್ತಳತೆಯ ಎರಡು ತಲೆಗಳಲ್ಲಿ ಒಂದು ಉದ್ದ, ಒಂದು ಗುಂಡು ಇರಬಹುದು. ಕಂಪನಿಗಳು ಮಾರುವ ಪ್ರದೇಶಕ್ಕೆ ತಕ್ಕಂತೆ ಒಳ ಆಕಾರ ಬದಲಿಸುವುದೂ ಇದೆ, ಹಾಗಾಗಿ ಗೆಳೆಯನ ಹೆಲ್ಮೆಟ್ ಹಾಕಿ ನೋಡಿ ಅದೇ ಮಾಡೆಲನ್ನು ಇನ್ನೊಂದು ಪ್ರದೇಶದಿಂದ ತರಿಸಿದರೆ ಹೊಂದದೇ ಹೋಗಬಹುದು. ಹಾಕಿಕೊಂಡು ಅರ್ಧ ಗಂಟೆ ಕೂರಿ. ಹಣೆ ನೋಯುತ್ತಿದ್ದರೆ ಹೆಲ್ಮೆಟ್ ನಿಮ್ಮ ತಲೆಗೆ ಜಾಸ್ತಿ ಗುಂಡಾಯಿತು. ಕಿವಿಯ ಮೇಲೆ ಎರಡೂ ಕಡೆ ಒತ್ತುತ್ತಿದ್ದರೆ ಉದ್ದವಾಯಿತು. ಕೆನ್ನೆ ಸ್ವಲ್ಪ ಒತ್ತಿದರೆ ಚಿಂತೆಯಿಲ್ಲ, ಅಲ್ಲಿನ ಸ್ಪಂಜು ಬಳಸುತ್ತಾ ತಗ್ಗುತ್ತದೆ. ಆಮೇಲೆ ಪಟ್ಟಿ ಬಿಗಿದು, ಹಿಂದಿನ ಕೆಳ ಅಂಚು ಹಿಡಿದು ಮೇಲಕ್ಕೂ ಮುಂದಕ್ಕೂ ಎತ್ತಿ. ತಲೆಯಿಂದ ಕಳಚಿ ಬಂದರೆ ಯಾವ ಮುದ್ರೆ ಇದ್ದರೂ ಅದು ನಿಮ್ಮದಲ್ಲ.

ನನ್ನ ಸಲಹೆ ಇಷ್ಟೇ. ವಾಪಸ್ ಕಳಿಸುವ ಖರ್ಚು ಯಾರದ್ದು ಅಂತ ಮೊದಲೇ ಕೇಳಿ. ಹೋಗುವಾಗ ಒಂದು ಸುಂಕ, ಬದಲಿ ಬರುವಾಗ ಇನ್ನೊಂದು ಸುಂಕ ಕಟ್ಟಿ ಕೈಸುಟ್ಟುಕೊಂಡವರ ಪತ್ರಗಳೇ ನನ್ನ ಹತ್ತಿರ ಸಾಕಷ್ಟಿವೆ. ಮಾರುವವರಿಂದ ಪಟ್ಟಿಯ ಚೀಟಿಯ ಫೋಟೋ ತರಿಸಿಕೊಳ್ಳಿ, ತಯಾರಾದ ತಿಂಗಳು-ವರ್ಷದ ಫೋಟೋ ಕೂಡ. ಅಗ್ಗಕ್ಕೆ ಕೊಡುವ ಕಡೆ ಹಳೆಯ ದಾಸ್ತಾನು ಇರುವುದು ಸಾಮಾನ್ಯ. ಡಾಟ್ ಹೆಲ್ಮೆಟ್ ಆದರೆ ತೂಕವನ್ನೂ ಕೇಳಿ. ಅಮೆರಿಕದ ಇಲಾಖೆಯ ಪ್ರಕಾರ ಮಾನದಂಡಕ್ಕೆ ಹೊಂದುವ ಹೆಲ್ಮೆಟ್ ಸಾಮಾನ್ಯವಾಗಿ 1.4 ಕೆ.ಜಿ. ಆಸುಪಾಸು ತೂಗುತ್ತದೆ, ಒಳಗೆ ಸುಮಾರು ಒಂದು ಇಂಚು ದಪ್ಪ ಥರ್ಮಾಕೋಲ್ ಇರುತ್ತದೆ. ಅರ್ಧ ಕೆ.ಜಿ.ಯೂ ಇಲ್ಲದ ತೆಳು ಹೆಲ್ಮೆಟ್ ಮೇಲೆ ಡಾಟ್ ಗುರುತು ಕಂಡರೆ ಅದು ನಕಲಿ ಅಂತಲೇ ತಿಳಿಯಿರಿ.

ಪ್ರಶ್ನೆ: ನನ್ನದು 22.05 ಹೆಲ್ಮೆಟ್. ಈಗ 22.06 ಬಂದಿದೆ ಅಂತ ಬಿಸಾಡಬೇಕಾ?

ಉತ್ತರ: ಬೇಡ. ಹೊಸದಾಗಿ ತಯಾರಾಗುವುದಕ್ಕೆ 22.06 ಬೇಕು, ಆದರೆ ಬ್ರಿಟನ್ನಿನಂಥ ಕಡೆ ಕೈಯಲ್ಲಿರುವ 22.05 ಹಾಕುವುದಕ್ಕೆ ಅಡ್ಡಿಯಿಲ್ಲ. ಬಿಸಾಡುವ ಕಾರಣ ಬೇರೆ ಇರಬೇಕು: ಒಮ್ಮೆ ಜೋರಾಗಿ ಬಿದ್ದಿದ್ದರೆ, ಪಟ್ಟಿ ಎಳೆ ಬಿಟ್ಟಿದ್ದರೆ, ಪೇಂಟ್ ಅಥವಾ ಥಿನ್ನರ್ ತಾಗಿ ಚಿಪ್ಪು ಹಾಳಾಗಿದ್ದರೆ, ಅಥವಾ ಐದು ವರ್ಷ ದಿನವೂ ಬಳಸಿ ಒಳಪದರ ಸಡಿಲವಾಗಿದ್ದರೆ. ಇವು ಯಾವುದೂ ಇಲ್ಲದಿದ್ದರೆ ಹಾಕಿಕೊಳ್ಳಿ. ಮುಂದಿನದನ್ನು ಕೊಳ್ಳುವಾಗ 06 ನೋಡಿ ಕೊಳ್ಳಿ.